ಸಂಜೆ ಕೂಡುವ ಹಕ್ಕಿಗಳು

ಹಗಲಿಡೀ ಚದುರಿ ಮೇಯುವ ಹಕ್ಕಿಗಳು ಸಂಜೆ ಒಂದೇ ಜಾಗಕ್ಕೆ ಬಂದು ಒಟ್ಟಾಗಿ ರಾತ್ರಿ ಕಳೆಯುವ ಪದ್ಧತಿ ಹಕ್ಕಿಲೋಕದಲ್ಲಿ ವ್ಯಾಪಕವಾಗಿದೆ. ಕಾಗೆ, ಗಿಳಿ, ಬೆಳ್ಳಕ್ಕಿ, ನೀರುಕಾಗೆ, ಗೊರವಂಕ, ಕಬ್ಬಕ್ಕಿ ಇವೆಲ್ಲ ಹೀಗೆ ಕೂಡುವ ಜಾತಿಗಳು. ಮರಿ ಮಾಡುವ ಕಾಲದಲ್ಲಿ ಜೋಡಿ ಜೋಡಿಯಾಗಿ ಗೂಡಿಗೆ ಅಂಟಿಕೊಂಡಿದ್ದ ಹಕ್ಕಿಗಳು ಆ ಕೆಲಸ ಮುಗಿದ ಮೇಲೆ ದೊಡ್ಡ ಗುಂಪುಗಳಲ್ಲಿ ಸೇರುತ್ತವೆ. ಚಳಿಗಾಲದಲ್ಲಿ ಈ ಗುಂಪುಗಳ ಗಾತ್ರ ಹಿಗ್ಗುತ್ತದೆ. ಕೆರೆಯ ಜೊಂಡು, ನೀರಿನ ನಡುವಿನ ಪೊದೆ, ಹಳ್ಳದ ದಡದ ಬಿದಿರುಮೆಳೆ, ಊರಿನ ಆಲದ ಮರ, ಇವು ಅವುಗಳ ತಂಗುದಾಣಗಳು. ಸೂರ್ಯ ಮುಳುಗುವ ಹೊತ್ತಿಗೆ ಅಂಥ ಜಾಗದ ಮೇಲೆ ನಡೆಯುವ ಗುಂಪು ಹಾರಾಟ ನಿಸರ್ಗದಲ್ಲಿ ಕಣ್ಣಿಗೆ ಬೀಳುವ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು. ಕಳೆದ ನಲವತ್ತು ವರ್ಷಗಳಲ್ಲಿ ಜೀವವಿಜ್ಞಾನಿಗಳ ಜೊತೆಗೆ ಭೌತವಿಜ್ಞಾನಿಗಳನ್ನೂ ಗಣಿತಜ್ಞರನ್ನೂ ತನ್ನತ್ತ ಸೆಳೆದ ಸಂಗತಿಯೂ ಹೌದು.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಕಾಡಿಗೂ ಅಡಿಕೆ ತೋಟಕ್ಕೂ ಹೆಸರಾದವು. ಇಲ್ಲಿನ ಹಕ್ಕಿ ಎಂದೊಡನೆ ನೆನಪಾಗುವುದು ಮಂಗಟ್ಟೆ, ಕಾಜಾಣ, ಸಿಳ್ಳಾರ. ಆದರೆ ಘಟ್ಟದ ಮೇಲಿನ ಈ ನೆಲದಲ್ಲಿ ಕೆರೆಗಳಿಗೂ ಕೊರತೆಯಿಲ್ಲ. ಶಿರಸಿ ಪಟ್ಟಣದೊಳಗೇ ಕೋಟೆಕೆರೆ, ದೇವಿಕೆರೆಗಳಿವೆ. ಯಲ್ಲಾಪುರದ ಬಳಿ ಜೋಡುಕೆರೆ, ಕವಡಿಕೆರೆಗಳಿವೆ. ಸೋಂದಾದಲ್ಲಿ ಮುಂಡಿಗೆಕೆರೆಯಿದೆ. ಬನವಾಸಿ ಸೀಮೆಯಲ್ಲಿ ವರದಾ ನದಿಯ ದಂಡೆಗೂ ಗದ್ದೆ ಬಯಲಿಗೂ ಹೊಂದಿಕೊಂಡ ಹಳೆಯ ಕೆರೆಗಳಿವೆ. ಈ ತಾಲ್ಲೂಕುಗಳ ಗಡಿ ದಾಟಿದರೆ ಮುಂಡಗೋಡಿನ ಅತ್ತಿವೇರಿ ಜಲಾಶಯ ಮತ್ತು ಸೊರಬ ತಾಲ್ಲೂಕಿನ ಗುಡವಿ, ಎರಡೂ ಘೋಷಿತ ಪಕ್ಷಿಧಾಮಗಳು. ಕಾಡಿನ ತೇವ ಕಡಿಮೆಯಾಗುತ್ತ ಬಯಲುಸೀಮೆ ಶುರುವಾಗುವ ಈ ಪೂರ್ವದ ಅಂಚು ಸಂಜೆಯ ಗುಂಪುಗಳನ್ನು ನೋಡುವವರಿಗೆ ಬಹಳ ಮುಖ್ಯ. ಮಲೆನಾಡಿನ ಹಕ್ಕಿ, ಬಯಲಿನ ಹಕ್ಕಿ, ಹೊರದೇಶದಿಂದ ಬಂದ ಹಕ್ಕಿ, ಮೂರೂ ಬಗೆ ಇಲ್ಲಿ ಸಂಧಿಸುತ್ತವೆ.

ಈ ಜಿಲ್ಲೆಯ ಹಕ್ಕಿಗಳ ಬಗ್ಗೆ ವ್ಯವಸ್ಥಿತ ಬರವಣಿಗೆ ಹೊಸದೇನಲ್ಲ. ಇಲ್ಲಿ ಅಧಿಕಾರಿಯಾಗಿದ್ದ ಜೆ. ಡೇವಿಡ್‌ಸನ್ ಉತ್ತರ ಕೆನರಾದ ಹಕ್ಕಿಗಳ ವಿವರವನ್ನು 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟಿಸಿದ್ದರು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಜೆ. ರಂಜಿತ್ ಡೇನಿಯಲ್ಸ್ ಜಿಲ್ಲೆಯ ಕಾಡು, ತೋಟ, ನೆಡುತೋಪುಗಳಲ್ಲಿ ಯಾವ ಹಕ್ಕಿಗಳು ಎಷ್ಟಿವೆ ಎಂದು ಅಧ್ಯಯನ ಮಾಡಿದರು. ಹಗಲಿನಲ್ಲಿ ಯಾವ ಹಕ್ಕಿ ಎಲ್ಲಿರುತ್ತದೆ ಎಂಬ ತಿಳಿವಳಿಕೆ ಹೀಗೆ ಬೆಳೆದಿದೆ. ರಾತ್ರಿ ಅವು ಎಲ್ಲಿ ತಂಗುತ್ತವೆ ಎಂಬುದನ್ನು ಈಗಲೂ ಆಯಾ ಊರಿನವರೇ ಹೆಚ್ಚು ಬಲ್ಲರು.

ಕಬ್ಬಕ್ಕಿ ಮತ್ತು ಗೊರವಂಕಗಳು ಒಂದೇ ಕುಟುಂಬದವು. ಪಾಶ್ಚಾತ್ಯ ಪುಸ್ತಕ, ವಿಡಿಯೋಗಳಲ್ಲಿ ಮೋಡದಂತೆ ಹೊರಳುವ ಲಕ್ಷಗಟ್ಟಲೆ ಹಕ್ಕಿಗಳು ಯುರೋಪಿನ ಸಾಮಾನ್ಯ ಕಬ್ಬಕ್ಕಿಗಳು. ಆ ಜಾತಿಯವು ಚಳಿಗಾಲದಲ್ಲಿ ಭಾರತದ ವಾಯವ್ಯ ಭಾಗಕ್ಕೆ ಬರುತ್ತವೆ, ದಕ್ಷಿಣಕ್ಕೆ ಬರುವುದು ತೀರಾ ಅಪರೂಪ. ಮಲೆನಾಡಿನಲ್ಲಿ ಆ ಸ್ಥಾನ ತುಂಬುವ ಬಂಧುಗಳು ಬೇರೆ. ಮೊದಲನೆಯದು ಕಾಡು ಗೊರವಂಕ. ಮನೆಯಂಗಳದ ಗೊರವಂಕಕ್ಕೆ ಕಣ್ಣಿನ ಸುತ್ತ ಹಳದಿ ಚರ್ಮವಿರುತ್ತದೆ. ಕಾಡು ಗೊರವಂಕಕ್ಕೆ ಅದಿಲ್ಲ. ಬದಲಿಗೆ ಕೊಕ್ಕಿನ ಬುಡದಲ್ಲಿ, ಹಣೆಯ ಮೇಲೆ, ನಿಗುರಿ ನಿಂತ ಗರಿಗಳ ಪುಟ್ಟ ಕುಚ್ಚು ಇದೆ. ದಕ್ಷಿಣ ಭಾರತದ ಉಪಜಾತಿಯ ಕಣ್ಣು ತಿಳಿನೀಲಿ ಬೂದು. ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟಿ ಮಿಂಚುತ್ತದೆ. ಗದ್ದೆಯಲ್ಲಿ ಎಮ್ಮೆಯ ಬೆನ್ನೇರಿ ಕೂರುವುದು, ಕೊಯ್ಲಾದ ಗದ್ದೆಯಲ್ಲಿ ಮಿಡತೆ ಹೆಕ್ಕುವುದು ಇದರ ದಿನಚರಿ. ಎರಡನೆಯದು ಬಿಳಿತಲೆಯ ಮಲಬಾರ್ ಕಬ್ಬಕ್ಕಿ. ನೈರುತ್ಯ ಭಾರತಕ್ಕೇ ಸೀಮಿತವಾದ ಇದು ಕಾಡಿನ ತೆರಪುಗಳಲ್ಲಿ, ಹೂಬಿಟ್ಟ ಮರಗಳಲ್ಲಿ ಚಿಕ್ಕ ಗುಂಪುಗಳಾಗಿ ಓಡಾಡುತ್ತದೆ.

ಮೂರನೆಯದು ಗುಲಾಬಿ ಕಬ್ಬಕ್ಕಿ. ಚಳಿಗಾಲದ ದೊಡ್ಡ ಗುಂಪುಗಳ ನಿಜವಾದ ನಾಯಕ ಪಾತ್ರ ಇದರದ್ದೇ. ಇದರ ತಲೆ, ರೆಕ್ಕೆ, ಬಾಲ ಹೊಳೆವ ಕಪ್ಪು, ಬೆನ್ನು ಮತ್ತು ಹೊಟ್ಟೆ ಗುಲಾಬಿ. ತಲೆಯ ಮೇಲೆ ಹಿಂದಕ್ಕೆ ಬಾಗಿದ ಜುಟ್ಟಿದೆ. ಮರಿಗಳು ಮಣ್ಣಿನ ಬಣ್ಣದವು, ಕೊಕ್ಕು ಹಳದಿ. ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ಹುಲ್ಲುಗಾವಲುಗಳಲ್ಲಿ, ಕಲ್ಲುರಾಶಿಗಳ ಸಂದಿನಲ್ಲಿ, ಇವು ಸಾವಿರಾರು ಜೋಡಿಗಳಾಗಿ ಒಟ್ಟಿಗೆ ಮರಿ ಮಾಡುತ್ತವೆ. ಮರಿಗಳ ಆಹಾರ ಮುಖ್ಯವಾಗಿ ಮಿಡತೆ. ಮಿಡತೆ ಎಲ್ಲಿ ಹೆಚ್ಚಿದೆಯೋ ಆ ವರ್ಷ ಅಲ್ಲಿ ಸಂಸಾರ ಹೂಡುತ್ತವೆ. ಚೀನಾದ ಶಿಂಜಿಯಾಂಗ್‌ನಲ್ಲಿ ಮಿಡತೆ ಹತೋಟಿಗೆ ಈ ಹಕ್ಕಿಗಳನ್ನು ಕರೆತರಲೆಂದೇ ಕಲ್ಲಿನ ಗೂಡುಗಳನ್ನು ಕಟ್ಟಿಕೊಟ್ಟಿದ್ದಾರೆ. ಮರಿ ಮಾಡುವ ಕೆಲಸ ಬೇಗ ಮುಗಿಯುತ್ತದೆ. ಜುಲೈ ಕೊನೆ, ಆಗಸ್ಟ್ ವೇಳೆಗೆ ಮೊದಲ ಗುಂಪುಗಳು ಭಾರತದ ವಾಯವ್ಯ ಗಡಿ ದಾಟಿರುತ್ತವೆ. ಮರಳಿ ಹೊರಡುವುದು ಏಪ್ರಿಲ್ ಹೊತ್ತಿಗೆ. ಅಂದರೆ ವರ್ಷದ ಹೆಚ್ಚಿನ ಭಾಗವನ್ನು ಇವು ಕಳೆಯುವುದು ಭಾರತದಲ್ಲಿ. ಇವನ್ನು ಅತಿಥಿಗಳೆಂದು ಕರೆಯುವ ರೂಢಿ ಅಷ್ಟು ನ್ಯಾಯವಾದುದಲ್ಲ.

ಕರ್ನಾಟಕದಲ್ಲಿ ಗುಲಾಬಿ ಕಬ್ಬಕ್ಕಿಯ ನೆಚ್ಚಿನ ನೆಲ ಉತ್ತರದ ಜೋಳದ ಸೀಮೆ. ತೆನೆ ಹಾಲುಗಟ್ಟುವಾಗ ಹೊಲಕ್ಕಿಳಿದು ರೈತರ ಸಿಟ್ಟಿಗೆ ಗುರಿಯಾಗುವ ಇವು ಅದೇ ಹೊಲದ ಮಿಡತೆ, ಹುಳುಗಳನ್ನೂ ತಿನ್ನುತ್ತವೆ. ಬೂರುಗ, ಮುತ್ತುಗ, ಹಾಲವಾಣ ಹೂಬಿಡುವ ಕಾಲಕ್ಕೆ ಮಕರಂದ ಹುಡುಕಿಕೊಂಡು ಮಲೆನಾಡಿನ ಅಂಚಿಗೆ ಬರುತ್ತವೆ. ಎಲೆಯುದುರಿದ ಬೂರುಗದ ಮರದಲ್ಲಿ ಕೆಂಪು ಹೂಗಳ ಬಟ್ಟಲಿಗೆ ತಲೆಯಿಟ್ಟು ಎದ್ದ ಹಕ್ಕಿಯ ಹಣೆಗೆ ಹಳದಿ ಪರಾಗ ಮೆತ್ತಿಕೊಂಡಿರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುದೂ ಇವೇ. ಆಲ, ಅತ್ತಿ, ಲಂಟಾನದ ಹಣ್ಣು ತಿಂದು ಬೀಜ ಹರಡುವುದೂ ಇವೇ.

ಯುರೋಪಿನ ವಿಡಿಯೋ ನೋಡಿ ಅಂಥದ್ದನ್ನೇ ಶಿರಸಿಯ ಕೆರೆಯ ಮೇಲೆ ನಿರೀಕ್ಷಿಸುವುದು ಸರಿಯಲ್ಲ. ಭಾರತದಲ್ಲಿ ಅಷ್ಟು ದೊಡ್ಡ ಗುಂಪು ಹಾರಾಟಕ್ಕೆ ಹೆಸರಾದದ್ದು ಗುಜರಾತಿನ ಜಾಮ್‌ನಗರ, ಅಲ್ಲಿನ ಹಕ್ಕಿಗಳೂ ಗುಲಾಬಿ ಕಬ್ಬಕ್ಕಿಗಳೇ. ಮಲೆನಾಡಿನ ಸಂಜೆಯ ಗತಿ ಬೇರೆ. ಕಾಡು ಗೊರವಂಕಗಳು ಹತ್ತು, ಇಪ್ಪತ್ತರ ತಂಡಗಳಲ್ಲಿ ನಾಲ್ಕೂ ದಿಕ್ಕಿನಿಂದ ನೇರವಾಗಿ ಬರುತ್ತವೆ. ತಂಗುದಾಣದ ಹತ್ತಿರದ ಒಂದು ಬೋಳು ಮರದಲ್ಲೋ ವಿದ್ಯುತ್ ತಂತಿಯ ಮೇಲೋ ಮೊದಲು ಸೇರಿ, ಕಿವಿಗಡಚಿಕ್ಕುವಂತೆ ಕೂಗಾಡಿ, ನಂತರ ಒಮ್ಮೆಗೇ ಎದ್ದು ಒಂದೆರಡು ಸುತ್ತು ಹಾಕಿ ಪೊದೆಗೆ ಧುಮುಕುತ್ತವೆ. ಬೆಳ್ಳಕ್ಕಿಗಳು ಗದ್ದೆ ಬಯಲಿನ ಮೇಲೆ ಬಾಗಿದ ಸಾಲುಗಳಲ್ಲಿ ಹಾದುಹೋಗುತ್ತವೆ. ಚಳಿಗಾಲಕ್ಕೆ ಬಂದ ಕವಲುತೋಕೆಗಳು ಕತ್ತಲಾಗುವವರೆಗೂ ನೀರಿನ ಮೇಲೆ ಹುಳು ಹಿಡಿದು, ಕೊನೆಯ ಬೆಳಕಿನಲ್ಲಿ ಜೊಂಡಿಗೋ ಪೇಟೆಯ ತಂತಿಗೋ ಇಳಿಯುತ್ತವೆ. ಗುಲಾಬಿ ಕಬ್ಬಕ್ಕಿಯ ಗುಂಪು ಇವುಗಳ ಜೊತೆ ಸೇರಿದ ದಿನ ಮಾತ್ರ ಆಕಾಶದಲ್ಲಿ ಹಿಗ್ಗಿ ಕುಗ್ಗುವ ಆಕೃತಿಗಳು ಮೂಡುತ್ತವೆ. ಒಂದೇ ಕೆರೆಯ ದಡದಲ್ಲಿ ನಾಲ್ಕು ಬಗೆಯ ಗುಂಪು ಹಾರಾಟವನ್ನು ಹೋಲಿಸಿ ನೋಡುವ ಈ ಅವಕಾಶ ಒಂದೇ ಜಾತಿಯ ಲಕ್ಷ ಹಕ್ಕಿಗಳನ್ನು ನೋಡುವುದಕ್ಕಿಂತ ಕಡಿಮೆ ಬೆಲೆಯದಲ್ಲ.

ತಂಗುದಾಣಕ್ಕೆ ಎಂಥ ಜಾಗ ಬೇಕು ಎಂಬುದನ್ನು ಸೋಂದಾದ ಮುಂಡಿಗೆಕೆರೆ ಸ್ಪಷ್ಟವಾಗಿ ತೋರಿಸುತ್ತದೆ. ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಜೈನ ಮಠಗಳಿರುವ ಸೋಂದಾ ಸೀಮೆಯ ಈ ಕೆರೆ ವಿಸ್ತೀರ್ಣದಲ್ಲಿ ಚಿಕ್ಕದು. ನೀರಿನ ನಡುವೆ ಮುಂಡಿಗೆ ಪೊದೆಗಳು ಒತ್ತಾಗಿ ಬೆಳೆದಿವೆ, ಕೆರೆಗೆ ಹೆಸರು ಬಂದದ್ದೂ ಅದರಿಂದ. ಕೇದಗೆಯ ಕುಲದ ಈ ಗಿಡದ ಎಲೆ ಕತ್ತಿಯಂತೆ ಉದ್ದ. ಎರಡೂ ಅಂಚಿನಲ್ಲಿ ಒಂದೊಂದು ಸಾಲು, ಎಲೆಯಡಿಯ ನಡುನರದ ಮೇಲೆ ಇನ್ನೊಂದು ಸಾಲು, ಹೀಗೆ ಮೂರು ಸಾಲು ಮುಳ್ಳು. ಕಾಂಡದಿಂದ ಇಳಿದ ಊರುಬೇರುಗಳು ಕೆಸರಿನಲ್ಲಿ ಗಟ್ಟಿಯಾಗಿ ನಿಂತು ಪೊದೆಯನ್ನು ಎತ್ತಿ ಹಿಡಿಯುತ್ತವೆ. ಕಾಡುಬೆಕ್ಕು, ಪುನುಗು, ಮುಂಗುಸಿ ಈ ಪೊದೆಯನ್ನು ತಲುಪಬೇಕಾದರೆ ಮೊದಲು ನೀರು ದಾಟಬೇಕು, ಆಮೇಲೆ ಮುಳ್ಳು ದಾಟಬೇಕು. ಮಳೆಗಾಲ ಆರಂಭವಾಗುವ ಹೊತ್ತಿಗೆ ಇಲ್ಲಿಗೆ ಬರುವ ಬೆಳ್ಳಕ್ಕಿಗಳು ಮುಂಡಿಗೆಯ ಎಲೆಗಳ ನಡುವೆ ಕಡ್ಡಿಗಳನ್ನು ಪೇರಿಸಿ ಗೂಡು ಮಾಡುತ್ತವೆ. ನೀರುಕಾಗೆ, ಇರುಳು ಬಕಗಳೂ ಜೊತೆಗಿರುತ್ತವೆ. ಸುತ್ತಲಿನ ಗದ್ದೆಗಳಲ್ಲಿ ನೀರು ನಿಂತು ಕಪ್ಪೆ, ಮೀನುಮರಿ, ಏಡಿಗಳು ಧಾರಾಳವಾಗಿರುವ ಕಾಲ ಅದು. ಮಳೆಗಾಲ ಮುಗಿದು ಮರಿಗಳು ಬಲಿತ ಮೇಲೆ ಗುಂಪು ಚದುರುತ್ತದೆ. ಗೂಡಿಗೆ ಬೇಕಾದ ರಕ್ಷಣೆಯೇ ರಾತ್ರಿ ತಂಗುವುದಕ್ಕೂ ಬೇಕು. ಸುತ್ತ ನೀರು, ನಡುವೆ ದಟ್ಟ ಆಸರೆ, ಹಾರಿ ಬರಲು ತೆರೆದ ಆಕಾಶ, ಹತ್ತಿರದಲ್ಲಿ ಮೇವು. ಈ ನಾಲ್ಕೂ ಕೂಡಿದ ಜಾಗ ಸಿಕ್ಕರೆ ಅದು ಅರ್ಧ ಎಕರೆಯ ಪೊದೆಯಾದರೂ ಸಾಕು.

ಒಟ್ಟಿಗೆ ಮಲಗುವುದರಲ್ಲಿ ನಷ್ಟವೂ ಇದೆ. ಗುಂಪು ಬೇಟೆಗಾರನ ಕಣ್ಣಿಗೆ ಬೇಗ ಬೀಳುತ್ತದೆ, ರೋಗ ಬೇಗ ಹರಡುತ್ತದೆ, ದೂರದ ಮೇವಿನ ಜಾಗದಿಂದ ದಿನಾ ಹಾರಿ ಬರಲು ಶಕ್ತಿ ವ್ಯಯವಾಗುತ್ತದೆ. ಹಾಗಿದ್ದೂ ಈ ಪದ್ಧತಿ ಉಳಿದಿದೆ ಎಂದರೆ ಲಾಭ ಅದಕ್ಕಿಂತ ಹೆಚ್ಚಿರಬೇಕು. ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1971ರಲ್ಲಿ ಕೊಟ್ಟ ವಿವರಣೆ ಸರಳ. ಬೇಟೆಗಾರ ಸಾಮಾನ್ಯವಾಗಿ ಹತ್ತಿರ ಸಿಕ್ಕ ಪ್ರಾಣಿಯನ್ನು ಹಿಡಿಯುತ್ತಾನೆ. ತನ್ನ ಮತ್ತು ಬೇಟೆಗಾರನ ನಡುವೆ ಇನ್ನೊಬ್ಬರಿರಲಿ ಎಂದು ಪ್ರತಿಯೊಂದೂ ಒಳಕ್ಕೆ ಸರಿದರೆ ಯಾರೂ ಬಯಸದಿದ್ದರೂ ಗುಂಪು ತಾನಾಗಿ ಬಿಗಿಯಾಗುತ್ತದೆ. 1973ರಲ್ಲಿ ಪೀಟರ್ ವಾರ್ಡ್ ಮತ್ತು ಆಮೋಟ್ಸ್ ಜಹಾವಿ ಇನ್ನೊಂದು ವಿಚಾರ ಮುಂದಿಟ್ಟರು. ತಂಗುದಾಣ ಎಂದರೆ ಸುದ್ದಿ ಸಿಗುವ ತಾಣ. ನಿನ್ನೆ ಹೊಟ್ಟೆತುಂಬ ಮೇವು ಕಂಡ ಹಕ್ಕಿ ಬೆಳಿಗ್ಗೆ ಖಚಿತವಾಗಿ ಒಂದೇ ದಿಕ್ಕಿಗೆ ಹೊರಡುತ್ತದೆ, ಮೇವು ಸಿಗದವು ಅದನ್ನು ಹಿಂಬಾಲಿಸುತ್ತವೆ. ಹೂಬಿಟ್ಟ ಬೂರುಗ, ಹಣ್ಣಾದ ಆಲ, ಆಗಷ್ಟೇ ಕೊಯ್ಲಾದ ಗದ್ದೆ, ಹೀಗೆ ಅಲ್ಲಲ್ಲಿ ಗುಪ್ಪೆಯಾಗಿ ಸಿಕ್ಕು ಬೇಗ ಮುಗಿದುಹೋಗುವ ಮೇವನ್ನು ನಂಬಿದ ಹಕ್ಕಿಗಳಿಗೆ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ಎಲ್ಲ ಜಾತಿಗಳಿಗೂ ಅನ್ವಯಿಸುತ್ತದೆಯೇ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಶೀತ ದೇಶಗಳಲ್ಲಿ ಬೆಚ್ಚಗಿರುವುದೂ ಒಂದು ಕಾರಣ. ಮಲೆನಾಡಿನ ಚಳಿ ಅಷ್ಟು ಕಠಿಣವಲ್ಲದ್ದರಿಂದ ಇಲ್ಲಿ ಅದಕ್ಕೆ ಹೆಚ್ಚು ಮಹತ್ವ ಕೊಡಬೇಕಿಲ್ಲ.

ಇನ್ನು ಆಕಾಶದಲ್ಲಿ ನಡೆಯುವ ಆಟದ ಪ್ರಶ್ನೆ. ಸಾವಿರ ಹಕ್ಕಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಒಟ್ಟಿಗೆ ತಿರುಗುವುದು ಹೇಗೆ? ಮುಂದಾಳು ಯಾರು? ಇಂಗ್ಲೆಂಡಿನ ಪಕ್ಷಿವೀಕ್ಷಕ ಎಡ್ಮಂಡ್ ಸೆಲೂಸ್ ದೀರ್ಘಕಾಲ ಈ ಗುಂಪುಗಳನ್ನು ನೋಡಿ, ಹಕ್ಕಿಗಳ ನಡುವೆ ಆಲೋಚನೆಯೇ ನೇರವಾಗಿ ವರ್ಗಾವಣೆಯಾಗುತ್ತದೆಯೇನೋ ಎಂದು 1931ರ ಪುಸ್ತಕದಲ್ಲಿ ಕೇಳಿದ್ದರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಕಾಲದಲ್ಲಿ ಗುಂಪಿನ ಒಳಗಿನ ಒಂದೊಂದೇ ಹಕ್ಕಿಯ ಚಲನೆಯನ್ನು ಅಳೆಯುವ ಸಾಧನ ಇರಲಿಲ್ಲ. ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ನೋಡಿದವರಿಗೆ ಬೇರೆ ವಿವರಣೆ ಹೊಳೆಯುವುದು ಕಷ್ಟವಿತ್ತು. 1984ರಲ್ಲಿ ವೇಯ್ನ್ ಪಾಟ್ಸ್ ಕಡಲತೀರದ ಡನ್‌ಲಿನ್ ಹಕ್ಕಿಗಳ ಗುಂಪುಗಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಒಂದೊಂದೇ ಚೌಕಟ್ಟನ್ನು ಪರೀಕ್ಷಿಸಿದರು. ತಿರುವು ಗುಂಪಿನ ಯಾವುದೋ ಒಂದು ಬದಿಯ ಹಕ್ಕಿಯಿಂದ ಆರಂಭವಾಗಿ ಅಲೆಯಂತೆ ಹರಿಯುತ್ತದೆ, ಆ ಅಲೆ ಮುಂದೆ ಸಾಗಿದಂತೆ ವೇಗ ಪಡೆಯುತ್ತದೆ ಎಂದು ಅವರು ಕಂಡುಕೊಂಡರು. ದೂರದಿಂದ ಬರುವ ತಿರುವನ್ನು ಹಕ್ಕಿಗಳು ಮೊದಲೇ ಕಂಡು ಸಿದ್ಧವಾಗುತ್ತವೆ.

ಗಣಕಯಂತ್ರದಲ್ಲಿ ಇದನ್ನು ಮರುಸೃಷ್ಟಿಸಿದವರು ಕ್ರೇಗ್ ರೆನಾಲ್ಡ್ಸ್. 1987ರಲ್ಲಿ ಅವರು ವಿವರಿಸಿದ ಕೃತಕ ಹಕ್ಕಿಗಳಿಗೆ ಮೂರೇ ನಿಯಮ. ಪಕ್ಕದವರಿಗೆ ತಾಗಬಾರದು, ಪಕ್ಕದವರ ದಿಕ್ಕಿನಲ್ಲೇ ಸಾಗಬೇಕು, ಪಕ್ಕದವರಿಂದ ತೀರಾ ದೂರ ಹೋಗಬಾರದು. ಇಷ್ಟಕ್ಕೇ ಪರದೆಯ ಮೇಲೆ ನಾಯಕನಿಲ್ಲದ ಗುಂಪು ನಿಜವಾದ ಹಕ್ಕಿಗಳಂತೆ ಹೊರಳಿತು. ನಿಯಮ ಸರಿ, ಆದರೆ ಪಕ್ಕದವರು ಎಂದರೆ ಎಷ್ಟು ಜನ? ಇದಕ್ಕೆ ಉತ್ತರ ಬಂದದ್ದು ರೋಮ್ ನಗರದಿಂದ. ಅಲ್ಲಿನ ಟರ್ಮಿನಿ ರೈಲು ನಿಲ್ದಾಣದ ಸುತ್ತಲಿನ ಮರಗಳಲ್ಲಿ ಚಳಿಗಾಲದ ರಾತ್ರಿ ಕಳೆಯಲು ಕಬ್ಬಕ್ಕಿಗಳು ಬರುತ್ತವೆ. ಆಂಡ್ರಿಯಾ ಕವಾನ್ಯಾ, ಐರೀನ್ ಜಾರ್ದಿನಾ ಮತ್ತು ಸಂಗಡಿಗರು ಹತ್ತಿರದ ವಸ್ತುಸಂಗ್ರಹಾಲಯದ ಮಾಳಿಗೆಯಲ್ಲಿ ದೂರ ದೂರ ಕ್ಯಾಮೆರಾಗಳನ್ನು ಇಟ್ಟು ಏಕಕಾಲಕ್ಕೆ ಚಿತ್ರ ತೆಗೆದರು. ಎರಡು ಕಣ್ಣುಗಳಿಂದ ಆಳ ತಿಳಿಯುವ ತತ್ತ್ವದ ಮೇಲೆ ಸಾವಿರಾರು ಹಕ್ಕಿಗಳ ಸ್ಥಾನವನ್ನು ಮೂರು ಆಯಾಮಗಳಲ್ಲಿ ಗುರುತಿಸಿದರು. 2021ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜಾರ್ಜಿಯೊ ಪರೀಸಿ ಕೂಡ ಈ ತಂಡದಲ್ಲಿದ್ದರು.

2008ರಲ್ಲಿ ಪ್ರಕಟವಾದ ಅವರ ಫಲಿತಾಂಶ ಇಡೀ ವಿಷಯದ ತಿರುಳು. ಪ್ರತಿ ಹಕ್ಕಿಯೂ ಗಮನವಿಡುವುದು ತನ್ನ ಸುತ್ತಲಿನ ಸರಾಸರಿ ಆರೇಳು ಹಕ್ಕಿಗಳ ಮೇಲೆ, ಅವು ಎಷ್ಟೇ ದೂರದಲ್ಲಿರಲಿ. ಇಷ್ಟು ಮೀಟರಿನೊಳಗಿನ ಎಲ್ಲರನ್ನೂ ನೋಡು ಎಂಬುದು ನಿಯಮವಾಗಿದ್ದರೆ ಗುಂಪು ಹಿಗ್ಗಿದ ಕೂಡಲೇ ಅಂಚಿನ ಹಕ್ಕಿಗಳಿಗೆ ಯಾರೂ ಕಾಣದೆ ಗುಂಪು ಹರಿದುಹೋಗುತ್ತಿತ್ತು. ಕುಗ್ಗಿದಾಗ ನೂರಾರು ಹಕ್ಕಿಗಳ ಲೆಕ್ಕ ಇಡಬೇಕಾಗುತ್ತಿತ್ತು. ಎಣಿಕೆಯ ನಿಯಮದಲ್ಲಿ ಈ ತೊಡಕಿಲ್ಲ. ಡೇಗೆ ಎರಗಿ ಗುಂಪು ಚದುರಿದರೂ ಆ ಆರೇಳು ನೆರೆಯವರ ನಂಟು ಉಳಿದಿರುತ್ತದೆ, ಗುಂಪು ಮತ್ತೆ ಕೂಡಿಕೊಳ್ಳುತ್ತದೆ. ಅಮೆರಿಕದ ನವೋಮಿ ಲೆನರ್ಡ್ ಮತ್ತು ಸಂಗಡಿಗರು 2013ರಲ್ಲಿ ಇದೇ ಮಾಹಿತಿಯನ್ನು ಇನ್ನೊಂದು ಕೋನದಿಂದ ಲೆಕ್ಕಹಾಕಿದರು. ಕಡಿಮೆ ಶ್ರಮದಲ್ಲಿ ಗುಂಪನ್ನು ಒಟ್ಟಾಗಿ ಇಡಲು ಅತ್ಯಂತ ಅನುಕೂಲದ ಸಂಖ್ಯೆಯೂ ಆರೇಳರ ಸುತ್ತಲೇ ಬಂತು. ರೋಮ್‌ನ ಅಳತೆಯಲ್ಲಿ ಕಂಡ ಇನ್ನೊಂದು ಸಂಗತಿ ನೋಡುಗರಿಗೂ ಛಾಯಾಗ್ರಾಹಕರಿಗೂ ಉಪಯುಕ್ತ. ಗುಂಪು ಕಾಣುವಷ್ಟು ದಪ್ಪಗಿಲ್ಲ, ಅಗಲವಾದ ತೆಳು ಹಾಳೆಯಂತಿದೆ. ಆ ಹಾಳೆ ನೋಡುವವರಿಗೆ ಎದುರಾಗಿದ್ದಾಗ ವಿರಳವಾಗಿ ಮಸುಕಾಗಿ ಕಾಣುತ್ತದೆ, ಓರೆಯಾದಾಗ ಹಕ್ಕಿಗಳು ಒಂದರ ಹಿಂದೊಂದು ಬಂದು ಕಪ್ಪುಗಟ್ಟುತ್ತದೆ. ಕ್ಷಣಕ್ಷಣಕ್ಕೆ ಬದಲಾಗುವ ಬಣ್ಣದ ದೊಡ್ಡ ಪಾಲು ಈ ಕೋನದ ಆಟ.

ಬೇಟೆಹಕ್ಕಿ ಬಂದಾಗ ಗುಂಪಿನೊಳಗೆ ಕಪ್ಪು ಪಟ್ಟಿಗಳು ಓಡುವುದೂ ಇಂಥದ್ದೇ. ಪಾರಾಗಲು ಹಕ್ಕಿ ಮೈಯನ್ನು ಓರೆ ಮಾಡಿದಾಗ ರೆಕ್ಕೆಯ ಪೂರ್ಣ ಅಗಲ ನೋಡುಗರತ್ತ ತಿರುಗುತ್ತದೆ. ಪಕ್ಕದ ಹಕ್ಕಿ ಅದನ್ನೇ ಅನುಸರಿಸುತ್ತದೆ, ಅಲೆ ಹೊರಡುತ್ತದೆ. ಮಲೆನಾಡಿನ ಸಂಜೆಗಳಲ್ಲಿ ಈ ಕಾಟ ಕೊಡುವವು ಬಿಜ್ಜು, ಶಾಹೀನ್ ಡೇಗೆ, ಬಯಲು ಕೆರೆಗಳಲ್ಲಿ ಚಳಿಗಾಲಕ್ಕೆ ಬರುವ ಜೌಗು ಸೆಳೆವ. ಸಾರ್ವಜನಿಕರು ಕಳಿಸಿದ 3000ಕ್ಕೂ ಹೆಚ್ಚು ವರದಿಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಒಂದು ಹಾರಾಟದ ವೇಳೆ ಬೇಟೆಹಕ್ಕಿ ಹಾಜರಿತ್ತು, ಹಾರಾಟ ಸರಾಸರಿ 26 ನಿಮಿಷ ನಡೆದಿತ್ತು. ಇಷ್ಟು ದೊಡ್ಡ ಲೆಕ್ಕ ಒಬ್ಬಿಬ್ಬರು ಸಂಶೋಧಕರಿಂದ ಆಗುವಂಥದ್ದಲ್ಲ. ನೋಡುವ ಹವ್ಯಾಸವೇ ವಿಜ್ಞಾನಕ್ಕೆ ಒದಗಿಬಂದ ಉದಾಹರಣೆ ಇದು.

ನೋಡುವ ಕ್ರಮಕ್ಕೆ ಬಂದರೆ, ಮೊದಲು ತಿಳಿಯಬೇಕಾದದ್ದು ಬೆಳಕಿನ ಲೆಕ್ಕ. ಶಿರಸಿಯಲ್ಲಿ ಡಿಸೆಂಬರ್ ನಡುವೆ ಸೂರ್ಯ ಮುಳುಗುವುದು ಸಂಜೆ ಸುಮಾರು 6.05ಕ್ಕೆ, ಜನವರಿ ಕೊನೆಗೆ ಸುಮಾರು 6.30ಕ್ಕೆ. ಉಷ್ಣವಲಯದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಇಲ್ಲಿನ ಮುಸ್ಸಂಜೆ ಚಿಕ್ಕದು. ಮುಳುಗಿದ ಮೇಲೆ ಬಳಕೆಗೆ ಬರುವ ಬೆಳಕು ಉಳಿಯುವುದು 20ರಿಂದ 25 ನಿಮಿಷ. ಬೆಟ್ಟದ ಮರೆಯ ಕೆರೆಯಲ್ಲಿ ನೆರಳು ಇನ್ನೂ ಬೇಗ ಬೀಳುತ್ತದೆ. ಆದ್ದರಿಂದ ಸೂರ್ಯಾಸ್ತಕ್ಕೆ ಒಂದು ತಾಸು ಮುಂಚೆಯೇ ಜಾಗ ಹಿಡಿದು ಕೂತಿರಬೇಕು. ತಂಗುದಾಣ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಕೆರೆ ಸುತ್ತುವ ಅಗತ್ಯವಿಲ್ಲ. ತೆರೆದ ಗದ್ದೆ ಬಯಲಿನಲ್ಲಿ ನಿಂತು ಸಂಜೆ ಐದರ ನಂತರ ಹಾದುಹೋಗುವ ಗುಂಪುಗಳ ದಿಕ್ಕು ಗುರುತಿಸಿಕೊಂಡರೆ ಸಾಕು. ಎರಡು ಬೇರೆ ಜಾಗಗಳಿಂದ ಕಂಡ ದಿಕ್ಕುಗಳನ್ನು ನಕ್ಷೆಯ ಮೇಲೆ ಗೆರೆ ಎಳೆದರೆ ಅವು ಕೂಡುವಲ್ಲಿ ತಂಗುದಾಣವಿರುತ್ತದೆ. ಅಡಿಕೆ ಕೊಯ್ಲಿನ ಕೊನೆಗೌಡರು, ಗದ್ದೆ ಕಾಯುವವರು, ಕೆರೆಯ ನೀರು ಬಿಡುವವರು ಇದನ್ನು ದಿನಾ ನೋಡುವವರು. ಅವರನ್ನು ಕೇಳಿದರೆ ನಕ್ಷೆಯೂ ಬೇಕಾಗದು.

ಕೂರುವ ಜಾಗ ಕೆರೆಯ ಪೂರ್ವ ದಡದಲ್ಲಿದ್ದರೆ ಪಶ್ಚಿಮದ ಕೆಂಪು ಆಕಾಶದ ಎದುರು ಗುಂಪು ಕಪ್ಪಗೆ ಎದ್ದು ಕಾಣುತ್ತದೆ. ಹಕ್ಕಿಗಳ ಬಣ್ಣ ಬೇಕಾದರೆ ಪಶ್ಚಿಮ ದಡ, ಬೆನ್ನಿಗೆ ಸೂರ್ಯ. ಪೊದೆಯಿಂದ ಸಾಕಷ್ಟು ದೂರವಿರಬೇಕು. ಇಳಿಯಲು ಬಂದ ಗುಂಪು ಪದೇ ಪದೇ ಎದ್ದು ಸುತ್ತುತ್ತಿದ್ದರೆ ಅದು ಚೆಂದದ ಪ್ರದರ್ಶನವೆಂದು ತಿಳಿಯಬಾರದು, ಬಹಳ ಸಲ ನೋಡುಗರೇ ತೀರಾ ಹತ್ತಿರ ಹೋಗಿರುವುದರ ಸೂಚನೆ ಅದು. ಹಾಗೆ ಕಂಡರೆ ಹಿಂದೆ ಸರಿಯಬೇಕು. ಫ್ಲ್ಯಾಶ್, ಟಾರ್ಚ್, ಧ್ವನಿಮುದ್ರಿತ ಕೂಗು, ಡ್ರೋನ್ ಯಾವುದನ್ನೂ ತಂಗುದಾಣದಲ್ಲಿ ಬಳಸುವಂತಿಲ್ಲ. ಗುಡವಿ, ಅತ್ತಿವೇರಿಗಳಲ್ಲಿ ಅರಣ್ಯ ಇಲಾಖೆಯ ನಿಯಮ, ಸಮಯಗಳಿವೆ. ಊರ ಕೆರೆಗಳಲ್ಲಿ ಬರೆದ ನಿಯಮ ಇರದಿದ್ದರೂ ಹಕ್ಕಿಗೆ ಆಗುವ ತೊಂದರೆ ಒಂದೇ.

ಛಾಯಾಗ್ರಹಣದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಉದ್ದದ ಲೆನ್ಸ್ ಒಂದನ್ನೇ ನಂಬುವುದು. 400 ಮಿಲಿಮೀಟರ್ ಲೆನ್ಸಿನಲ್ಲಿ ಗುಂಪಿನ ಒಂದು ತುಣುಕು ಮಾತ್ರ ಸಿಗುತ್ತದೆ. ಅದು ಜಾತಿ ಗುರುತಿಸಲು, ಎಣಿಸಲು ಒಳ್ಳೆಯದು. ಗುಂಪಿನ ಆಕಾರ, ಕೆರೆ, ಹಿಂದಿನ ಬೆಟ್ಟದ ಸಾಲು ಒಟ್ಟಿಗೆ ಬರಬೇಕಾದರೆ 24ರಿಂದ 70 ಮಿಲಿಮೀಟರ್ ಬೇಕು. ಮೊಬೈಲ್ ಫೋನ್ ಕೂಡ ಈ ಕೆಲಸಕ್ಕೆ ಒದಗುತ್ತದೆ. ಹಕ್ಕಿಗಳು ಸ್ಪಷ್ಟವಾಗಿ ನಿಲ್ಲಬೇಕಾದರೆ ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗದಷ್ಟಿರಬೇಕು. ಸೂರ್ಯ ಮುಳುಗುವ ಮುನ್ನ ಐಎಸ್‌ಒ 800ರಲ್ಲಿ ಇದು ಸಾಧ್ಯ, ಹತ್ತು ನಿಮಿಷ ಕಳೆದ ಮೇಲೆ 3200ಕ್ಕೆ ಏರಿಸಿ ವೇಗವನ್ನು ಐನೂರರ ಒಂದಕ್ಕೆ ಇಳಿಸಬೇಕಾಗುತ್ತದೆ. ಇನ್ನೂ ಕತ್ತಲಾದಾಗ ಚಿತ್ರ ಸ್ಪಷ್ಟವಾಗಿರಬೇಕೆಂಬ ಹಟ ಬಿಟ್ಟು, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿರಿಸಿ ಹದಿನೈದರ ಒಂದು ಸೆಕೆಂಡಿಗೆ ಬದಲಿಸಿದರೆ ರೆಕ್ಕೆಗಳ ಹಾದಿಯೇ ಗೆರೆಗಳಾಗಿ ಮೂಡುತ್ತದೆ. ಫೋಕಸ್ ತಾನಾಗಿ ಹುಡುಕಾಡುತ್ತ ಕಾಲ ಕಳೆಯುವುದನ್ನು ತಪ್ಪಿಸಲು, ಗುಂಪಿನಷ್ಟೇ ದೂರದಲ್ಲಿರುವ ಮರದ ತುದಿಗೆ ಮೊದಲೇ ಫೋಕಸ್ ಮಾಡಿ ಅಲ್ಲಿಗೆ ಬಿಗಿಗೊಳಿಸಬೇಕು. ಬೆಳ್ಳಕ್ಕಿಯ ವಿಷಯದಲ್ಲಿ ಎಚ್ಚರ ಬೇಕು. ಕಪ್ಪು ಕಾಡಿನ ಹಿನ್ನೆಲೆಗೆ ಕ್ಯಾಮೆರಾ ಬೆಳಕು ಹೆಚ್ಚಿಸಿದಾಗ ಬಿಳಿ ಗರಿಯ ವಿವರವೆಲ್ಲ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಅನ್ನು ಒಂದು ಹಂತದಷ್ಟು ತಗ್ಗಿಸಿದರೆ ಗರಿ ಉಳಿಯುತ್ತದೆ. ಆಕಾಶದ ಹಿನ್ನೆಲೆಯ ಗೊರವಂಕಕ್ಕೆ ಇದರ ತದ್ವಿರುದ್ಧ.

ಒಳ್ಳೆಯ ಚಿತ್ರ ಎಣಿಕೆಗೂ ಒದಗುತ್ತದೆ. ಹಾರುವ ದೊಡ್ಡ ಗುಂಪನ್ನು ಬರಿಗಣ್ಣಿನಿಂದ ಅಂದಾಜಿಸುವವರು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಹೇಳುತ್ತಾರೆ. ಚಿತ್ರದ ಮೇಲೆ ಚೌಕಗಳನ್ನು ಎಳೆದು, ದಟ್ಟವಾದ ಒಂದು, ವಿರಳವಾದ ಒಂದು, ನಡುವಣ ಒಂದು ಚೌಕದ ಹಕ್ಕಿಗಳನ್ನು ಎಣಿಸಿ ಗುಣಿಸಿದರೆ ನಂಬಬಹುದಾದ ಸಂಖ್ಯೆ ಬರುತ್ತದೆ. ಸಾಲುಗಟ್ಟಿ ಬರುವ ಬೆಳ್ಳಕ್ಕಿಗಳನ್ನು ನೇರವಾಗಿಯೇ ಎಣಿಸಬಹುದು, ಐದೈದು ನಿಮಿಷಕ್ಕೆ ಬೇರೆ ಬೇರೆ ಬರೆದಿಟ್ಟುಕೊಂಡರೆ ಯಾವ ಹೊತ್ತಿಗೆ ಹೆಚ್ಚು ಬರುತ್ತವೆ ಎಂಬುದೂ ತಿಳಿಯುತ್ತದೆ. ಬೆಳಗಿನ ಎಣಿಕೆ ಇನ್ನೂ ಸುಲಭ, ಏಕೆಂದರೆ ಹಕ್ಕಿಗಳು ಸುತ್ತು ಹೊಡೆಯದೆ ಹೊರಟುಬಿಡುತ್ತವೆ. ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧದ ನಂತರದ ವರ್ಷಗಳ ರಾಡಾರ್ ಪರದೆಗಳಲ್ಲಿ ಮುಂಜಾನೆ ಕಾಣಿಸುತ್ತಿದ್ದ ಉಂಗುರಗಳು ತಂಗುದಾಣದಿಂದ ಅಲೆಅಲೆಯಾಗಿ ಹೊರಡುವ ಕಬ್ಬಕ್ಕಿಗಳೇ ಎಂದು ಪತ್ತೆಯಾಗಿತ್ತು. ಮಲೆನಾಡಿನಲ್ಲಿ ಮಂಜು ಕವಿದ ದಿನ ಹೊರಡುವುದು ತಡವಾಗುತ್ತದೆ.

ಬರೆದಿಡಬೇಕಾದ ವಿವರ ಹೆಚ್ಚಿಲ್ಲ. ದಿನಾಂಕ, ಮೊದಲ ಗುಂಪು ಬಂದ ಮತ್ತು ಕೊನೆಯ ಗುಂಪು ಇಳಿದ ಸಮಯ, ಜಾತಿ, ಸಂಖ್ಯೆ, ಮೋಡ, ಗಾಳಿ, ಬೇಟೆಹಕ್ಕಿ ಇತ್ತೇ ಇಲ್ಲವೇ, ಕೆರೆಯ ನೀರಿನ ಮಟ್ಟ. ಹಕ್ಕಿ ಬಾರದ ಸಂಜೆಯನ್ನೂ ಬರೆಯಬೇಕು. ಇವನ್ನು ಹಕ್ಕಿ ದಾಖಲೆಗಳನ್ನು ಸಂಗ್ರಹಿಸುವ ಇಬರ್ಡ್ ಜಾಲತಾಣಕ್ಕೆ ಸೇರಿಸಬಹುದು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಗೆ ಕೊಡಬಹುದು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ನದಿಯ ಮೇಲ್ಭಾಗದ ಊರ ಕೆರೆಗಳಿಗೆ ಅಂಥ ಮನ್ನಣೆ ಇಲ್ಲದ್ದರಿಂದ ಹೀಗೆ ವರ್ಷವರ್ಷ ಕೂಡಿಟ್ಟ ದಾಖಲೆಯೇ ಅವುಗಳ ಪರವಾಗಿ ಮಾತಾಡಬೇಕು. ಮುಖ್ಯವಾಗಿ ಇದು ಬೇಕಾಗುವುದು ಕೆರೆಯ ಹೂಳೆತ್ತುವಾಗ. ಹೂಳೆತ್ತುವುದು ಒಳ್ಳೆಯ ಕೆಲಸ, ನೀರು ನಿಲ್ಲದ ಕೆರೆಯಲ್ಲಿ ಹಕ್ಕಿಯೂ ನಿಲ್ಲದು. ಆದರೆ ಯಂತ್ರವಿಳಿಸಿ ದಡದಿಂದ ದಡಕ್ಕೆ ಬೋಳು ಮಾಡಿದರೆ ಜೊಂಡು, ಮುಂಡಿಗೆ ಕಳೆಯೆಂದು ಕಿತ್ತುಹೋಗುತ್ತವೆ. ನಡುವಿನ ಪೊದೆಗಳನ್ನು ಬಿಟ್ಟು ಸುತ್ತ ಆಳ ಮಾಡುವುದು, ಒಂದು ವರ್ಷ ಅರ್ಧ ಕೆರೆ, ಮುಂದಿನ ವರ್ಷ ಉಳಿದರ್ಧ ಎಂದು ಹಂಚಿಕೊಳ್ಳುವುದು, ಬೆಳ್ಳಕ್ಕಿ ಗೂಡು ಕಟ್ಟುವ ಮಳೆಗಾಲವನ್ನು ಬಿಟ್ಟು ಬೇಸಿಗೆಯಲ್ಲೇ ಕೆಲಸ ಮುಗಿಸುವುದು, ಇಷ್ಟಾದರೆ ಕೆರೆಗೂ ಹಕ್ಕಿಗೂ ಸಾಕು. ಯಾವ ಪೊದೆ ಬಿಡಬೇಕು ಎಂದು ಗ್ರಾಮ ಪಂಚಾಯಿತಿಯವರು ಕೇಳಿದಾಗ, ಯಾವ ಪೊದೆಗೆ ಎಷ್ಟು ಹಕ್ಕಿ ಇಳಿಯುತ್ತವೆ ಎಂದು ಬರೆದಿಟ್ಟವರು ಊರಿನಲ್ಲಿ ಒಬ್ಬರಾದರೂ ಇರಬೇಕು.